ಹಳೇ ಸಾಲಕ್ಕೆ ಡಿಕ್ರಿ ಆಗಿದೆಯಾ? ಮೊದಲು ಹೀಗೆ ಮಾಡಿ

ಮದ್ದೂರಲ್ಲೋ ನಂಜನಗೂಡಲ್ಲೋ ಕೋರ್ಟಿನ ಅಮೀನರು ನೋಟಿಸ್ ಹಿಡಿದು ಮನೆ ಬಾಗಿಲಿಗೆ ಬಂದಾಗಲೇ ಎಷ್ಟೋ ಮಂದಿಗೆ ತಮ್ಮ ಮೇಲೆ ಡಿಕ್ರಿ, ಅಂದರೆ ಸಾಲ ಕಟ್ಟಬೇಕೆಂಬ ಕೋರ್ಟಿನ ಆದೇಶ, ಆಗಿರುವುದು ಗೊತ್ತಾಗುತ್ತದೆ. ಸಾಲ ಯಾವಾಗಲೋ ತೆಗೆದದ್ದು. ನಡುವೆ ಬಂದ ಸಮನ್ಸ್ ಯಾರ ಕೈಗೆ ಸಿಕ್ಕಿತೋ ನೆನಪಿಲ್ಲ. ಆಗ ಕೆಲವರು ನೋಟಿಸೇ ಬೇಡ ಎಂದು ವಾಪಸ್ ಕಳಿಸುತ್ತಾರೆ. ಕೆಲವರು ಗಾಬರಿಯಲ್ಲಿ ಸಾಲ ಕೊಟ್ಟವರ ಮನೆಗೆ ಓಡಿ, ಕೈಲಿದ್ದ ದುಡ್ಡನ್ನು ಚೀಟಿಯೂ ಇಲ್ಲದೆ ಕೊಟ್ಟು ಬರುತ್ತಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ನೋಟಿಸ್ ಬೇಡವೆಂದರೂ ಅದು ತಲುಪಿದಂತೆಯೇ ಲೆಕ್ಕ. ಚೀಟಿಯಿಲ್ಲದೆ ಕೊಟ್ಟ ದುಡ್ಡಿನ ಕಥೆಯನ್ನು ಮುಂದೆ ಹೇಳುತ್ತೇನೆ.

ಡಿಕ್ರಿಯ ನಕಲು ತೆಗೆಸಿ

ನೋಟಿಸಿನಲ್ಲಿ ಕೇಸ್ ನಂಬರ್ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಆ ನಂಬರ್ ಅಥವಾ ನಿಮ್ಮ ಹೆಸರು ಹಾಕಿದರೆ ಕೇಸ್ ಯಾವ ಕೋರ್ಟಿನಲ್ಲಿದೆ, ಮುಂದಿನ ತಾರೀಖು ಯಾವಾಗ ಎಂದು ಸಿಗುತ್ತದೆ. ಆಮೇಲೆ ಆ ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಕೊಟ್ಟು ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲು ಪಡೆಯಿರಿ. ಅಸಲು ಎಷ್ಟು, ಬಡ್ಡಿ ಎಷ್ಟು, ಯಾವ ದಿನದಿಂದ, ಖರ್ಚು ಎಷ್ಟು ಎಂದು ನೋಡಿ. ಜಮೀನು, ಮನೆ ಅಡಮಾನದ ಮಾತಿದೆಯಾ ಎಂದೂ ನೋಡಿ. ಡಿಕ್ರಿ ಆದ ತಾರೀಖನ್ನಂತೂ ಮರೆಯಬೇಡಿ. ಹಣದ ಡಿಕ್ರಿಯನ್ನು 12 ವರ್ಷದವರೆಗೆ ಜಾರಿ ಮಾಡಿಸಬಹುದು, ಅಂದರೆ ಕೋರ್ಟಿನ ಮೂಲಕ ವಸೂಲಿ ಮಾಡಿಸಬಹುದು. ಸುಮ್ನೆ ಇದ್ದರೆ ತಾನೇ ಹೋಗುತ್ತದೆ ಎಂದು ಕಾಯುವುದು ಬಹಳ ದುಬಾರಿ, ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ನಿಮಗೆ ಗೊತ್ತಿಲ್ಲದೆ ಆದ ಡಿಕ್ರಿಯೇ?

ನೀವು ಹಾಜರಾಗದೆ ಆದದ್ದನ್ನು ಏಕಪಕ್ಷೀಯ ಡಿಕ್ರಿ ಅನ್ನುತ್ತಾರೆ. ಸಮನ್ಸ್ ಸರಿಯಾಗಿ ತಲುಪಿರಲಿಲ್ಲ, ಅಥವಾ ಆಸ್ಪತ್ರೆಯಲ್ಲಿದ್ದಂಥ ತಕ್ಕ ಕಾರಣ ಇತ್ತು ಎಂದಾದರೆ ಅದನ್ನು ರದ್ದು ಮಾಡಿ ಎಂದು ಅದೇ ಕೋರ್ಟಿಗೆ ಅರ್ಜಿ ಹಾಕಬಹುದು. ಗಡುವು 30 ದಿನ. ಸಮನ್ಸ್ ತಲುಪದಿದ್ದರೆ, ಡಿಕ್ರಿ ನಿಮಗೆ ಗೊತ್ತಾದ ದಿನದಿಂದ ಎಣಿಕೆ. ತಡವಾಗಿದ್ದರೆ ಕಾರಣ ಬರೆದು ಮನ್ನಿಸುವಂತೆ ಕೇಳಬೇಕು. ಮೇಲ್ಮನವಿಯ ದಾರಿಯೂ ಇದೆ, ಜಿಲ್ಲಾ ಕೋರ್ಟಿಗಾದರೆ ಅದಕ್ಕೂ 30 ದಿನ. ಆದರೆ ಮೇಲ್ಮನವಿ ಹಾಕಿದ ಮಾತ್ರಕ್ಕೆ ಜಪ್ತಿ ನಿಲ್ಲುವುದಿಲ್ಲ, ತಡೆಯಾಜ್ಞೆ ಬೇರೆ ಕೇಳಬೇಕು.

'ಅಷ್ಟು ಹಳೇ ಸಾಲಕ್ಕೆ ಕೇಸೇ ನಿಲ್ಲಲ್ಲ' ಎಂದು ಪ್ರೋನೋಟು ಬರೆದುಕೊಟ್ಟವರು ಹೇಳುವುದುಂಟು. ಇಂಥ ಸಾಲಕ್ಕೆ 3 ವರ್ಷದೊಳಗೆ ದಾವೆ ಹಾಕಬೇಕು ಎಂಬುದು ನಿಜ. ಆದರೆ ಆ ಅವಧಿ ಮುಗಿಯುವ ಮೊದಲೇ ನೀವು ಸಾಲ ಒಪ್ಪಿ ಸಹಿ ಹಾಕಿದ್ದರೆ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಇನ್ನೊಂದು ಮಾತು: ಈ ವಾದವನ್ನು ರದ್ದತಿ ಅರ್ಜಿಯಿಂದ ಕೇಸ್ ಮತ್ತೆ ತೆರೆದಾಗ ಅಥವಾ ಮೇಲ್ಮನವಿಯಲ್ಲಿ ಎತ್ತಬೇಕು. ಜಾರಿ ಮಾಡುವ ಕೋರ್ಟು ಡಿಕ್ರಿಯ ಸರಿ ತಪ್ಪು ನೋಡುವುದಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲ್ಲೂಕುಗಳಲ್ಲಿ ಸಮಿತಿಗಳಿವೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಸಹಾಯವಾಣಿ 15100. ಇದು ದಾನವಲ್ಲ, ನಿಮ್ಮ ಹಕ್ಕು.

ಏನನ್ನು ಮುಟ್ಟುವಂತಿಲ್ಲ

ಬಟ್ಟೆಬರೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಸಲಕರಣೆ, ಬೇಸಾಯದ ಉಪಕರಣ, ಬೇಸಾಯಕ್ಕೆ ಬೇಕಾದ ದನ, ಬಿತ್ತನೆ ಬೀಜ, ರೈತ ವಾಸವಿರುವ ಮನೆ ಇವೆಲ್ಲ ಜಪ್ತಿಗೆ ಬರುವುದಿಲ್ಲ. ಸರ್ಕಾರಿ ಪಿಂಚಣಿ, ಪಿಎಫ್ ಕೂಡ ಹಾಗೇ. ಸಂಬಳದಲ್ಲಿ ಮೊದಲ 1,000 ರೂಪಾಯಿ ಬಿಟ್ಟು, ಉಳಿದದ್ದರಲ್ಲಿ ಮೂರನೇ ಒಂದು ಭಾಗ ಮಾತ್ರ ಹಿಡಿಯಬಹುದು. ಅಂದರೆ 25,000 ಇದ್ದರೆ ಹೆಚ್ಚೆಂದರೆ 8,000. ಜಮೀನಿಗೆ ಇಂಥ ರಕ್ಷಣೆ ಇಲ್ಲ. ಅಡಮಾನ ಇಟ್ಟ ಆಸ್ತಿಯ ಲೆಕ್ಕವೂ ಬೇರೆ.

ಜೈಲಿನ ಹೆದರಿಕೆ ಜಾಸ್ತಿ ಅಲ್ವಾ? ಬಡತನದಿಂದ ಕಟ್ಟಲಾಗದವರನ್ನು ಜೈಲಿಗೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ. ಆಸ್ತಿ ಮುಚ್ಚಿಟ್ಟವರಿಗೆ, ಶಕ್ತಿಯಿದ್ದೂ ಕಟ್ಟದವರಿಗೆ ಮಾತ್ರ ಆ ಭಯ ಇರಬೇಕು. ಹಾಗಾಗಿ ಕೋರ್ಟ್ ಕರೆದಾಗ ತಪ್ಪದೆ ಹೋಗಿ, ನಿಮ್ಮ ಆದಾಯ ಇಷ್ಟು ಎಂದು ದಾಖಲೆ ಸಮೇತ ಹೇಳಿ.

ತೀರಿಹೋದ ಅಪ್ಪನ ಸಾಲಕ್ಕೆ ಮಕ್ಕಳ ಮೇಲೆ ನೋಟಿಸ್ ಬಂದಿದ್ದರೆ, ಅಪ್ಪನಿಂದ ನಿಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ನಿಮ್ಮ ಹೊಣೆ. ನೀವೇ ದುಡಿದದ್ದನ್ನು ಅದಕ್ಕೆ ಹಿಡಿಯಲಾಗದು. ನೀವೇ ಜಾಮೀನು ಹಾಕಿದ್ದರೆ ಮಾತ್ರ ಈ ಮಾತು ಅನ್ವಯಿಸದು.

ಕಂತು ಕೇಳಿ, ರಾಜಿ ಕೇಳಿ

ಡಿಕ್ರಿ ಆದ ಮೇಲೆ ಕಂತಿಗೆ ಎದುರಿನವರ ಒಪ್ಪಿಗೆ ಬೇಕು. ಒಪ್ಪಿಸಲು ಲೋಕ ಅದಾಲತ್ ಒಳ್ಳೆಯ ಜಾಗ. ಜಾರಿ ಅರ್ಜಿಯನ್ನೂ ಅಲ್ಲಿಗೆ ಕಳಿಸುವಂತೆ ಕೇಳಬಹುದು. ತಿಂಗಳ ಕಂತಿಗೆ ತಲೆಯಾಡಿಸಿ ಬರಬೇಡಿ. ಕಬ್ಬಿನ ಬಿಲ್ಲು ಬರುವ ಕಾಲ, ರೇಷ್ಮೆಗೂಡು ಮಾರುವ ಕಾಲ ನೋಡಿಕೊಂಡು ಕಂತು ಕೇಳಿ. ಅಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ. ಆದ್ದರಿಂದ ಕಟ್ಟಲಾಗುವಷ್ಟಕ್ಕೇ ಒಪ್ಪಿ.

ಕೊಟ್ಟ ಪ್ರತಿ ರೂಪಾಯಿ ಕೋರ್ಟಿನಲ್ಲಿ ಬರೆಸಿ

ಇಡೀ ಲೇಖನದಲ್ಲಿ ನಾನು ಒತ್ತಿ ಹೇಳುವುದು ಇದೊಂದನ್ನೇ. ಡಿಕ್ರಿ ಆದ ಮೇಲೆ ಕೋರ್ಟಿನ ಹೊರಗೆ ಕೊಟ್ಟ ದುಡ್ಡು ಕೋರ್ಟಿನ ದಾಖಲೆಗೆ ಹೋಗದಿದ್ದರೆ, ಜಾರಿ ಮಾಡುವ ಕೋರ್ಟು ಅದನ್ನು ಪರಿಗಣಿಸುವುದೇ ಇಲ್ಲ. ಎರಡು ಲಕ್ಷ ಕೊಟ್ಟಿದ್ದರೂ ಕೊಡದ ಹಾಗೆಯೇ. ಅದಕ್ಕೆ ದುಡ್ಡನ್ನು ಕೋರ್ಟಿಗೇ ಕಟ್ಟುವುದು ಎಲ್ಲಕ್ಕಿಂತ ಭದ್ರ. ಕಟ್ಟಿ ಎದುರಿನವರಿಗೆ ನೋಟಿಸ್ ಮುಟ್ಟಿಸಿದರೆ ಅಷ್ಟು ಹಣದ ಮೇಲೆ ಬಡ್ಡಿಯೂ ನಿಲ್ಲುತ್ತದೆ. ನೇರವಾಗಿ ಕೊಡಲೇಬೇಕಾದರೆ ಬ್ಯಾಂಕ್ ಮೂಲಕ ಕೊಡಿ, ಕೇಸ್ ನಂಬರ್ ಬರೆದ ರಸೀದಿ ಪಡೆಯಿರಿ. ಡಿಕ್ರಿದಾರರು, ಅಂದರೆ ಡಿಕ್ರಿ ಪಡೆದ ಎದುರಿನವರು, ತಾವಾಗಿ ಕೋರ್ಟಿಗೆ ತಿಳಿಸದಿದ್ದರೆ 30 ದಿನದೊಳಗೆ ನೀವೇ ಅರ್ಜಿ ಹಾಕಿ ದಾಖಲು ಮಾಡಿಸಿ.

ಪೂರ್ತಿ ತೀರಿದ ದಿನ ಡಿಕ್ರಿ ತೃಪ್ತಿಯಾಗಿದೆ ಎಂಬ ಆದೇಶದ ನಕಲು ತೆಗೆದುಕೊಳ್ಳಿ. ಜಮೀನು ಜಪ್ತಿಯಾಗಿದ್ದರೆ ಅದನ್ನು ತೆರವು ಮಾಡಿದ ಆದೇಶವನ್ನೂ ಪಡೆದು ತಾಲ್ಲೂಕು ಕಚೇರಿಗೂ ಸಬ್ ರಿಜಿಸ್ಟ್ರಾರ್ ಕಚೇರಿಗೂ ಕೊಡಿ. ಕೆಲವು ವಾರ ಬಿಟ್ಟು ಹೊಸ ಪಹಣಿ ತೆಗೆಸಿ, ಜಪ್ತಿಯ ನಮೂದು ಹೋಗಿದೆಯಾ ಎಂದು ಕಣ್ಣಾರೆ ನೋಡಿ.