ಬಿಲ ಕಾಣದ ಕಡೆ ಕುಳಿತು ಕಳ್ಳಿಪೀರವನ್ನು ನೋಡುವುದು

ಬಾದಾಮಿ ತಾಲ್ಲೂಕಿನ ಮಲಪ್ರಭೆಯ ದಂಡೆಗುಂಟ ಹಸಿರು ಕಳ್ಳಿಪೀರವನ್ನು ಯಾರು ಬೇಕಾದರೂ ಗುರುತಿಸಬಹುದು. ಹಸಿರು ಮೈ, ಬಂಗಾರಗಂದು ನೆತ್ತಿ, ಕಣ್ಣಿಗೆ ಅಡ್ಡಲಾದ ಕರಿಪಟ್ಟಿ, ಬಾಲದ ನಡುವಿನಿಂದ ಹೊರಚಾಚಿದ ಎರಡು ಸಪೂರ ಗರಿಗಳಿರುವ ಈ ಹಕ್ಕಿ ಕರೆಂಟಿನ ತಂತಿಯಿಂದಲೋ ಜಾಲಿಯ ಒಣ ಟೊಂಗೆಯಿಂದಲೋ ಚಿಮ್ಮಿ, ಹುಳವನ್ನು ಗಾಳಿಯಲ್ಲೇ ಹಿಡಿದು ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತದೆ. ಆದರೆ ಅದು ಗೂಡು ಮಾಡುವುದು ಮಣ್ಣಿನಲ್ಲಿ ಕೊರೆದ ಬಿಲದೊಳಗೆ, ಹಾಗಾಗಿ ಅದರ ಸಂಸಾರವನ್ನು ನೋಡುವುದು ಅಷ್ಟು ಸಲೀಸಲ್ಲ.

ಬೇಸಿಗೆಯಲ್ಲಿ ಬಿರಿಯುವ ಎರೆಹೊಲಗಳನ್ನು ಬಿಟ್ಟು, ಹಳ್ಳಗಳು ಕೊರೆದು ನಿಲ್ಲಿಸಿರುವ ಮರಳುಮಿಶ್ರಿತ ಮಸಾರಿ ದಂಡೆಗಳಲ್ಲಿ ಮಾರ್ಚ್‌ನಿಂದ ನಾನು ಬಿಲ ಹುಡುಕುತ್ತೇನೆ. ಬಾಯಿಗೆ ಜೇಡರಬಲೆ ಕಟ್ಟಿದ್ದರೆ ಅದು ಪಾಳುಬಿಲ. ಹಕ್ಕಿಯ ಕಾಲು ತಿಕ್ಕಿ ಮೂಡಿದ ಎರಡು ಸಣ್ಣ ಗೀರುಗಳಿದ್ದರೆ ಒಳಗೆ ಓಡಾಟವಿದೆ ಎಂದರ್ಥ. ಒಂದು ಮೀಟರಿಗೂ ಹೆಚ್ಚು ಉದ್ದವಿರಬಹುದಾದ ಆ ಸುರಂಗದ ತುದಿಯಲ್ಲಿ ಬಿಳಿ ಮೊಟ್ಟೆಗಳು ಬರಿಮಣ್ಣಿನ ಮೇಲೆಯೇ ಇರುವುದರಿಂದ ಕಡ್ಡಿ ಹಾಕಿ ಆಳ ನೋಡುವುದನ್ನು ನಾನು ಒಪ್ಪುವುದಿಲ್ಲ.

ಮುಖ್ಯ ಸಂಗತಿ ಕೂರುವ ಜಾಗದ್ದು. ಬಿಲದ ಎದುರು ಕುಳಿತರೆ ಹಕ್ಕಿ ಕೊಕ್ಕಿನಲ್ಲಿ ಹುಳವಿಟ್ಟುಕೊಂಡು ತಂತಿಯ ಮೇಲೇ ಉಳಿಯುತ್ತದೆ, ಮರಿಗಳು ಕಾಯುತ್ತಿದ್ದರೂ ಒಳಗೆ ಹೋಗಲು ಹಿಂಜರಿಯುತ್ತದೆ. ಇದು ಕೇವಲ ಅಂಜಿಕೆಯಲ್ಲ: ನೋಡುವವನಿಗೆ ಗೂಡು ಕಾಣುತ್ತಿದೆಯೋ ಇಲ್ಲವೋ ಎಂಬುದನ್ನು ಈ ಹಕ್ಕಿ ಗಮನಿಸುತ್ತದೆಂದು ಜೀವವಿಜ್ಞಾನಿ ಮಿಲಿಂದ ವಾಟವೆ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೋರಿಸಿದ್ದಾರೆ. ಆದ್ದರಿಂದ ನಾನು ದಂಡೆಯ ಉಬ್ಬಿನಿಂದ ಬಿಲದ ಬಾಯಿ ಮರೆಯಾಗುವಂತೆ, ಆದರೆ ಹಕ್ಕಿ ಕೂರುವ ಟೊಂಗೆ ದುರ್ಬೀನಿಗೆ ಸಿಗುವಂತೆ ಪಕ್ಕಕ್ಕೆ ಸರಿದು ಕೂರುತ್ತೇನೆ. ಬಿಲದ ಬದಲು ಕೊಕ್ಕನ್ನೇ ಓದಬೇಕು. ಹುಳದೊಂದಿಗೆ ಕೆಳಗಿಳಿದದ್ದು ಬರಿಗೊಕ್ಕಿನಲ್ಲಿ ಮೇಲೆ ಬಂದರೆ ಒಂದು ತುತ್ತು ಸಂದಂತೆ. ಜೇನ್ನೊಣವನ್ನು ಟೊಂಗೆಗೆ ಬಡಿದು, ಉಜ್ಜಿ, ಕೊಂಡಿಯ ವಿಷ ಕಳೆಯುವುದನ್ನೂ ಅಲ್ಲಿಂದಲೇ ಸಾವಕಾಶವಾಗಿ ನೋಡಬಹುದು. ಬಿಲದ ಬಾಯಿಗೇ ಕ್ಯಾಮೆರಾ ಹೂಡುವವರಿಗೆ ಇದಾವುದೂ ದಕ್ಕುವುದಿಲ್ಲ.

ಹಕ್ಕಿಗಿಂತ ದಂಡೆಗೇ ಹೆಚ್ಚು ಅಪಾಯವಿದೆ, ಏಕೆಂದರೆ ಬಿಲಕ್ಕೆ ಒದಗುವ ಮೆತ್ತನೆಯ ಮಣ್ಣನ್ನೇ ಜನರೂ ಅಗೆದು ಒಯ್ಯುತ್ತಾರೆ. ನಾನು ಕೂರುವ ಹಳ್ಳದ ಮೇಲಿನ ಹೊಲದ ಹಿರಿಯರಿಗೆ ಬಿಲಗಳನ್ನು ತೋರಿಸಿ ಕೇಳಿಕೊಂಡಾಗ, “ಮರಿ ಹಾರಿ ಹೋಗೂತನಕ ಆಚೆ ಕಡೆ ಮಣ್ಣ ತಗೋತೀವ್ರಿ ಸರ” ಎಂದು ಒಪ್ಪಿದರು. ಮಳೆಗಾಲದಲ್ಲಿ ಹಳ್ಳ ತುಂಬಿ ಹರಿದು ದಂಡೆ ಕುಸಿದ ಕಡೆ ಮಣ್ಣಿನ ಹೊಸ ಮುಖ ತೆರೆದಿರುತ್ತದೆ. ಮುಂದಿನ ಮಾರ್ಚ್‌ನಲ್ಲಿ ನಾನು ಮೊದಲು ನೋಡುವುದು ಅದನ್ನೇ.