ಹೆಲ್ತ್‌ಕೇರ್ ಎಐ ಸ್ಟಾರ್ಟಪ್ ಸೇರಬೇಕಾ? ಮೊದಲು ಎಕ್ಸ್‌ರೇ ರೂಮಿನ ಹೊರಗೆ ಒಂದು ದಿನ ಕೂತು ಬನ್ನಿ

ನಾನು ಆರು ವರ್ಷ ಬ್ಯಾಂಕಿನ ಸಾಫ್ಟ್‌ವೇರ್ ಬರೆದವನು. ಜಾವಾ, ಎಸ್‌ಕ್ಯೂಎಲ್, ರಾತ್ರಿ ಬ್ಯಾಚ್ ಜಾಬ್ ಬಿದ್ದರೆ ಫೋನು, ಇಷ್ಟೇ. ಈಗ ಹುಬ್ಬಳ್ಳಿ ವಿದ್ಯಾನಗರದ ಮನೆಯಲ್ಲೇ ಕೂತು, ಎದೆಯ ಎಕ್ಸ್‌ರೇ ಓದುವ ಒಂದು ಸಣ್ಣ ಕಂಪನಿಗೆ ಕೆಲಸ ಮಾಡುತ್ತೇನೆ. ‘ಅಣ್ಣಾ, ಯಾವ ಕೋರ್ಸ್ ಮಾಡಿದ್ರಿ?’ ಅಂತ ಕಾಲೇಜಿನ ಹುಡುಗರು ಕೇಳುತ್ತಲೇ ಇರುತ್ತಾರೆ. ಮೂರು ಮಾಡಿದ್ದೆ. ಕೆಲಸ ಸಿಕ್ಕಿದ್ದು ಅವುಗಳಿಂದಲ್ಲ.

ನಿಮ್ಮ ಹಳೇ ಕೆಲಸವನ್ನು ಕಡೆಗಣಿಸಬೇಡಿ. ಇಂಥ ಸಣ್ಣ ಕಂಪನಿಗಳಲ್ಲಿ ಮಾಡೆಲ್, ಅಂದರೆ ಚಿತ್ರ ನೋಡಿ ರೋಗ ಗುರುತಿಸುವ ಪ್ರೋಗ್ರಾಂ, ಕಟ್ಟುವವರು ಇಬ್ಬರೋ ಮೂವರೋ ಇರುತ್ತಾರೆ. ಆಸ್ಪತ್ರೆಯ ಮಷಿನ್‌ನಿಂದ ಚಿತ್ರ ತರಿಸುವುದು, ನೆಟ್ ಹೋದಾಗ ಅದು ಕಳೆದುಹೋಗದಂತೆ ಕ್ಯೂನಲ್ಲಿ ಇಡುವುದು, ರಿಪೋರ್ಟನ್ನು ಸರಿಯಾದ ರೋಗಿಯ ಹೆಸರಿಗೇ ವಾಪಸ್ ಸೇರಿಸುವುದು, ಯಾರು ಯಾವಾಗ ಏನು ನೋಡಿದರು ಅಂತ ಲಾಗ್ ಇಡುವುದು, ಇದೆಲ್ಲ ಮಾಮೂಲಿ ಎಂಜಿನಿಯರಿಂಗೇ ಅಲ್ವಾ? ಜನ ಬೇಕಾಗಿರುವುದೂ ಇದಕ್ಕೇ. ಒಬ್ಬರ ರೂಪಾಯಿ ಇನ್ನೊಬ್ಬರ ಖಾತೆಗೆ ಹೋಗದಂತೆ ನೋಡಿಕೊಂಡ ಅಭ್ಯಾಸ ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ.

ಪೈಥಾನ್ ಬರಲೇಬೇಕು, ಮಾಡೆಲ್ ಕಟ್ಟಲು ಬಳಸುವ ಪೈಟಾರ್ಚ್ ಒಂದಿಷ್ಟು. ಅದನ್ನು ಎಲ್ಲಿ ಬೇಕಾದರೂ ಕಲಿಯಬಹುದು, ಬಿಡಿ.

ಹೊತ್ತು ಹಾಕಬೇಕಾದ್ದು ಡೈಕಾಮ್‌ಗೆ. ಎಕ್ಸ್‌ರೇ, ಸಿಟಿ, ಎಂಆರ್‌ಐ ಎಲ್ಲ ಹೊರಬರುವುದು ಈ ಫೈಲಿನಲ್ಲೇ. ಚಿತ್ರದ ಜೊತೆ ರೋಗಿಯ ಹೆಸರು, ವಯಸ್ಸು, ಮಷಿನ್, ಯಾವ ಕಡೆಯಿಂದ ತೆಗೆದದ್ದು, ಎಲ್ಲವೂ ಟ್ಯಾಗ್‌ಗಳಾಗಿ ಒಳಗೇ ಕೂತಿರುತ್ತವೆ. ಈ ಫೈಲ್ ಓದೋಕೆ ಪೈಡೈಕಾಮ್ ಅನ್ನೋ ಪೈಥಾನ್ ಲೈಬ್ರರಿ ಹಾಕಿಕೊಳ್ಳಿ. ಇಂಥ ಫೈಲ್ ಇಟ್ಟುಕೊಳ್ಳುವ ಆರ್ಥಾಂಕ್ ಅಂತ ಒಂದು ಸರ್ವರ್ ಇದೆ, ಪುಕ್ಕಟೆ, ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಅದಕ್ಕೆ ಫೈಲ್ ಕಳಿಸಿ, ತೆಗೆದು, ಟ್ಯಾಗ್ ಓದಿ ನೋಡಿ. ನಾನು ಟ್ಯಾಗ್ ಓದದೆ ಮೊದಲ ಸಲ ಚಿತ್ರ ತೆರೆದು ತೋರಿಸಿದಾಗ ನಮ್ಮೂರಿನ ಒಬ್ಬ ಎಕ್ಸ್‌ರೇ ಟೆಕ್ನಿಷಿಯನ್ ಬಗ್ಗಿ ನೋಡಿ, ‘ಲಂಗ್ಸ್ ಎಲ್ಲಾ ಬೆಳ್ಳಗ ಆಗ್ಯಾವಲ್ರೀ ಸರ್, ಪೇಶಂಟ್ ಅದಾನೋ ಹೋದ್ನೋ?’ ಅಂದರು. ಆಗಿದ್ದು ಇಷ್ಟೇ: ಕೆಲವು ಫೈಲ್‌ಗಳಲ್ಲಿ ಮಾನೋಕ್ರೋಮ್1 ಅಂತ ಬರೆದಿರುತ್ತದೆ, ಅಂದರೆ ಪಿಕ್ಸೆಲ್‌ನ ಕಡಿಮೆ ಸಂಖ್ಯೆ ಬಿಳಿ, ಹೆಚ್ಚಿನದು ಕಪ್ಪು. ತಿರುಗಿಸಿ ತೋರಿಸಬೇಕು. ನನ್ನ ಕೋಡ್ ತಿರುಗಿಸಿರಲಿಲ್ಲ.

ಇನ್ನೊಂದು ಎಚ್ಚರ. ಟ್ಯಾಗ್‌ನಿಂದ ಹೆಸರು ಅಳಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ. ಅಲ್ಟ್ರಾಸೌಂಡ್ ಚಿತ್ರದಲ್ಲಿ ಹೆಸರು ಎಷ್ಟೋ ಸಲ ಚಿತ್ರದ ಮೇಲೇ ಅಚ್ಚಾಗಿರುತ್ತದೆ. ಪರಿಚಯದ ಡಾಕ್ಟರ್ ವಾಟ್ಸಾಪ್‌ನಲ್ಲಿ ಕಳಿಸಿದ ಸ್ಕ್ಯಾನ್ ಹಾಕಿ ಪ್ರಾಜೆಕ್ಟ್ ಮಾಡಲೇಬೇಡಿ.

ಹಾಗಾದರೆ ಡೇಟಾ ಎಲ್ಲಿಂದ? ಅಮೆರಿಕದ ಸರ್ಕಾರಿ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2017ರಲ್ಲಿ ಒಂದು ಲಕ್ಷಕ್ಕೂ ಮೀರಿದ ಎದೆ ಎಕ್ಸ್‌ರೇಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅಲ್ಲಿ ರೋಗಿಗಳು ಸುಮಾರು 30 ಸಾವಿರ, ಅಂದರೆ ಒಬ್ಬರದೇ ಹಲವು ಚಿತ್ರ. ನಾನು ಇದನ್ನು ಗಮನಿಸದೆ ಚಿತ್ರಗಳನ್ನು ಸುಮ್ನೆ ಕಲಸಿ, ಮಾಡೆಲ್‌ಗೆ ಕಲಿಸೋಕೆ ಟ್ರೇನಿಂಗ್, ಪರೀಕ್ಷಿಸೋಕೆ ಟೆಸ್ಟ್ ಅಂತ ಎರಡು ಪಾಲು ಮಾಡಿದೆ. ಅದೇ ಮನುಷ್ಯ ಎರಡೂ ಕಡೆ. ಮಾಡೆಲ್ ರೋಗ ಕಲಿಯುವ ಬದಲು ಆಳನ್ನೇ ಗುರುತು ಹಿಡಿಯಬಹುದು ಅನ್ನೋದು ಹೊಳೆಯಲೇ ಇಲ್ಲ, ಟೆಸ್ಟ್‌ನ ಅಂಕ ನೋಡಿ ಮನೆಯಲ್ಲಿ ಧಾರವಾಡ ಪೇಢೆ ಹಂಚುವುದೊಂದೇ ಬಾಕಿ. ಪಾಲು ಮಾಡುವಾಗ ರೋಗಿಯನ್ನು ಎಣಿಸಿ, ಚಿತ್ರವನ್ನಲ್ಲ. ನನ್ನ ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಈ ತಪ್ಪಿನ ಮಾತೇ ನಡೆಯಿತು, ಕೆಲಸ ಕೊಡಿಸಿದ್ದೂ ಅದೇ ಅಂತ ನನ್ನ ಲೆಕ್ಕ.

ಇನ್ನು ಎಕ್ಸ್‌ರೇ ರೂಮಿನ ಹೊರಗೆ ಕೂರುವ ಆ ಒಂದು ದಿನ. ಪರಿಚಯದ ಡಾಕ್ಟರ್ ಇದ್ದರೆ ಅನುಮತಿ ಕೇಳಿ ಅವರ ಎಕ್ಸ್‌ರೇ ವಿಭಾಗದಲ್ಲಿ, ನೋಂದಣಿ ಕೌಂಟರಿನ ಪಕ್ಕದಲ್ಲಿ ಕೂತು ನೋಡಿ. ಗದಗ, ಹಾವೇರಿ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು, ಕೈಯಲ್ಲಿ ಹಳೇ ಫಿಲ್ಮ್ ತುಂಬಿದ ಕ್ಯಾರಿಬ್ಯಾಗ್. ಅಜ್ಜಿ ಒಮ್ಮೆ ಬಸವ್ವ, ಮುಂದಿನ ಸಲ ಅಳಿಯ ಬಂದು ಬರೆಸಿದಾಗ ಬಸಮ್ಮ. ಒಮ್ಮೆ ಗಂಡನ ಹೆಸರು, ಒಮ್ಮೆ ಅಡ್ಡಹೆಸರು. ವಯಸ್ಸು ಕೇಳಿದರೆ ‘ಬರ್ಕೋರಿ ಅರವತ್ತ’. ನಿಮ್ಮ ಡೇಟಾಬೇಸ್‌ನಲ್ಲಿ ಈ ಒಬ್ಬ ಅಜ್ಜಿಯೇ ಮೂರು ಜನ. ರೋಗಿಯನ್ನು ಎಣಿಸಿ ಅಂದೆನಲ್ಲ, ಎಣಿಸುವುದು ಎಷ್ಟು ಕಷ್ಟ ಅಂತ ಇಲ್ಲಿ ಗೊತ್ತಾಗುತ್ತದೆ. ಒಬ್ಬೊಬ್ಬರ ಆರೋಗ್ಯ ಖಾತೆಗೆ ಕೊಡುವ 14 ಅಂಕಿಯ ಆಭಾ ಸಂಖ್ಯೆ ಬಂದಿದ್ದು ಇದಕ್ಕೇ. ಅದರ ಹಿಂದಿರುವ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನವರು ಡೆವಲಪರ್‌ಗಳಿಗೆ ಪ್ರಯೋಗ ಮಾಡಿ ನೋಡಲು ಸ್ಯಾಂಡ್‌ಬಾಕ್ಸ್ ಇಟ್ಟಿದ್ದಾರೆ, ದಾಖಲೆ ಓಡಾಡುವುದು ಫೈರ್ (FHIR) ಅನ್ನೋ ಸ್ಟಾಂಡರ್ಡ್‌ನಲ್ಲಿ. ಎರಡು ವಾರ ಅದರಲ್ಲಿ ಕೈಯಾಡಿಸಿದರೆ ರೆಸ್ಯೂಮೆಯಲ್ಲಿ ಒಂದು ನಿಜವಾದ ಸಾಲು ಸಿಗುತ್ತದೆ.

ಒಂದು ಲೆಕ್ಕ ಬಾಯಲ್ಲೇ ಹೇಳುವಷ್ಟು ಗೊತ್ತಿರಲಿ. ಸಾವಿರ ಜನರಲ್ಲಿ ಹತ್ತು ಮಂದಿಗೆ ಟಿಬಿ ಇದೆ ಅಂತಿಟ್ಟುಕೊಳ್ಳಿ. ನಿಮ್ಮ ಮಾಡೆಲ್ ರೋಗ ಇದ್ದವರಲ್ಲಿ ನೂರಕ್ಕೆ 90 ಮಂದಿಯನ್ನು ಹಿಡಿಯುತ್ತದೆ, ಇಲ್ಲದವರಲ್ಲಿ ನೂರಕ್ಕೆ 90 ಮಂದಿಯನ್ನು ಸರಿಯಾಗಿ ಬಿಡುತ್ತದೆ. ಒಂಬತ್ತು ಮಂದಿ ಸಿಕ್ಕರು, ಚೆನ್ನಾಗಿದೆ. ಆದರೆ ಉಳಿದ 990ರಲ್ಲಿ 99 ಮಂದಿಗೂ ‘ಇದೆ’ ಅಂದುಬಿಟ್ಟಿತು. ಕೂಲಿ ಬಿಟ್ಟು ಮತ್ತೆ ಆಸ್ಪತ್ರೆಗೆ ಬರಬೇಕಾದವರು 108, ರೋಗ ಇರುವುದು 9 ಮಂದಿಗೆ. ‘90 ಪರ್ಸೆಂಟ್ ಸರ್’ ಅಂತ ಖುಷಿಯಲ್ಲಿ ಹೇಳಿದರೆ ಡಾಕ್ಟರ್ ಯಾಕೆ ನಗುತ್ತಾರೆ ಅಂತ ಈಗ ತಿಳಿಯಿತಲ್ಲ.

ಕೆಲಸ ಜಾಸ್ತಿ ಇರುವುದು ಬೆಂಗಳೂರು, ಮುಂಬೈ ಕಡೆಯೇ. ಎದೆ ಎಕ್ಸ್‌ರೇ ಓದುವ ಕ್ಯೂರ್ ಡಾಟ್ ಎಐ ಮುಂಬೈಯದು, ಥರ್ಮಲ್ ಚಿತ್ರದಿಂದ ಸ್ತನ ಕ್ಯಾನ್ಸರ್ ತಪಾಸಣೆ ಮಾಡುವ ನಿರಮಯಿ ಬೆಂಗಳೂರಿನದು. ಅವರ ಸಂಶೋಧನಾ ಪೇಪರ್‌ಗಳನ್ನು ಓದಿ, ಆಮೇಲೆ ಮೇಲ್ ಹಾಕಿ. ಊರಲ್ಲೇ ಇಂಥ ಕೆಲಸದ ಮಂದಿ ಬೇಕೆಂದರೆ, ಹೊಸ ಕಂಪನಿಗಳಿಗೆ ನೆರವಾಗುವ ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್ ಕಡೆ ಒಮ್ಮೆ ಹೋಗಿ ಬನ್ನಿ.

ಆಫರ್ ಬಂದ ಮೇಲೆ ನೀವೂ ಕೇಳಿ. ಕಂಪನಿಯಲ್ಲಿ ಪೂರ್ತಿ ಕೆಲಸಕ್ಕೆ ಡಾಕ್ಟರ್ ಇದ್ದಾರಾ, ಸುಮ್ನೆ ಸಲಹೆಗಾರರಾ? 2017ರ ವೈದ್ಯಕೀಯ ಸಾಧನ ನಿಯಮಗಳ ಪ್ರಕಾರ ಲೈಸೆನ್ಸ್ ಎಲ್ಲಿಗೆ ಬಂತು? ಡೇಟಾ ಯಾರ ಒಪ್ಪಿಗೆ ಮೇಲೆ ಬಂದದ್ದು? ದುಡ್ಡು ಕೊಟ್ಟು ಬಳಸುವ ಆಸ್ಪತ್ರೆ ಎಷ್ಟು, ಬಿಟ್ಟಿ ಟ್ರಯಲ್‌ನಲ್ಲಿ ಇರುವುದೆಷ್ಟು? ಕಂಪನಿಯ ಖಾತೆಯಲ್ಲಿ ಎಷ್ಟು ತಿಂಗಳ ಸಂಬಳಕ್ಕಾಗುವಷ್ಟು ದುಡ್ಡಿದೆ? ಕೊನೇ ಪ್ರಶ್ನೆ ಕೇಳೋಕೆ ನನಗೆ ಮುಜುಗರವಾಗಿ ಸುಮ್ಮನಿದ್ದೆ. ಆ ಮೊದಲ ಕಂಪನಿ ಏಳನೇ ತಿಂಗಳಿಗೆ ಬಾಗಿಲು ಹಾಕಿತು. ಈಗಿರುವುದು ಎರಡನೆಯದು.