ಮಂಜುಗಟ್ಟದ ಮುರುಗಲು–ಮಾವಿನ ಕಾಕ್‌ಟೇಲ್: ನನ್ನ ಅನುಭವ

ಏಪ್ರಿಲ್ ತಿಂಗಳ ಸೆಕೆಯಲ್ಲಿ, ಶಿವಮೊಗ್ಗದ ನಮ್ಮ ಮನೆಗೆ ಸ್ನೇಹಿತರು ಬರುವ ಹಿಂದಿನ ದಿನ, ಕೆಳಗೆ ಮುರುಗಲಿನ (ಕೋಕಂ ಹಣ್ಣಿನ) ಕೆಂಪು, ಮೇಲೆ ಮಾವಿನ ಹಳದಿ ಇರುವ ತಣ್ಣನೆಯ ಕಾಕ್‌ಟೇಲ್ ಮಾಡಲು ಹೊರಟೆ. ಎರಡು ಲೋಟಕ್ಕೆ 180 ಮಿ.ಲೀ. ರಮ್ ಸುರಿದಿದ್ದರಿಂದ, ಇಡೀ ರಾತ್ರಿ ಫ್ರೀಜರ್‌ನಲ್ಲಿಟ್ಟರೂ ಮಿಶ್ರಣವು ಸಡಿಲವಾಗಿಯೇ ಉಳಿದು, ಬಣ್ಣಗಳು ಬೆರೆತು ಇಟ್ಟಿಗೆ ಪುಡಿ ಕದಡಿದ ನೀರಿನಂತಾಯಿತು.

ತಪ್ಪು ಫ್ರೀಜರ್‌ನದಲ್ಲ, ನನ್ನ ಅಳತೆಯದು. ಶುದ್ಧ ಆಲ್ಕೋಹಾಲ್ ಹೆಪ್ಪುಗಟ್ಟುವುದು ಸುಮಾರು ಮೈನಸ್ 114 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮನೆಯ ಫ್ರೀಜರ್ ಮೈನಸ್ 18ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಸಿಗುವ ರಮ್‌ನಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ, ಸಾಲದೆಂಬಂತೆ ಸಕ್ಕರೆಯೂ ಹೆಪ್ಪುಗಟ್ಟುವಿಕೆಯನ್ನು ತಡೆಯುತ್ತದೆ.

ಎರಡನೆಯ ಸಲ ಎರಡು ಲೋಟಕ್ಕೆ 60 ಮಿ.ಲೀ. ಬಿಳಿ ರಮ್ ಮಾತ್ರ ಬಳಸಿದೆ, ಏಕೆಂದರೆ ಕಪ್ಪು ರಮ್ ಮಾವಿನ ಬಣ್ಣವನ್ನು ಮಂಕಾಗಿಸುತ್ತದೆ. ಐಸ್ ಹಾಕದೆ, ಮೊದಲೇ ಗಟ್ಟಿಯಾಗಿಸಿದ್ದ ಮಾವಿನ ಹೋಳುಗಳನ್ನೇ ರಮ್ ಮತ್ತು ಒಂದು ಚಮಚ ನಿಂಬೆರಸದೊಂದಿಗೆ, ಜಾರ್ ಬಿಸಿಯಾಗದಂತೆ ನಿಲ್ಲಿಸಿ ನಿಲ್ಲಿಸಿ ಮಿಕ್ಸಿಯಲ್ಲಿ ತಿರುಗಿಸಿದೆ. ಸಾಗರದ ಅತ್ತಿಗೆಯವರು ಕಳುಹಿಸಿದ್ದ ಮುರುಗಲಿನ ಪಾನಕಕ್ಕೆ ರಮ್ ಸೋಕಿಸಲೇ ಇಲ್ಲ (ಅವರಿಗೆ ಈ ಪ್ರಯೋಗದ ಸುದ್ದಿಯನ್ನು ಇನ್ನೂ ತಿಳಿಸಿಲ್ಲ). ಅದನ್ನು ಐಸ್ ಟ್ರೇಯಲ್ಲಿ ಗಟ್ಟಿಯಾಗಿಸಿ, ಪುಡಿಮಾಡಿ, ಲೋಟದ ತಳಕ್ಕೆ ಒತ್ತಿ, ಅರ್ಧ ಗಂಟೆ ಮತ್ತೆ ಫ್ರೀಜರ್‌ನಲ್ಲಿಟ್ಟೆ. ಅದರ ಮೇಲೆ ಮಾವಿನ ಮಿಶ್ರಣವನ್ನು ಸುರಿಯದೆ ಚಮಚದಿಂದ ಹರಡಿದಾಗ, ಕೆಂಪು ಮತ್ತು ಹಳದಿ ಬೇರೆ ಬೇರೆಯಾಗಿಯೇ ನಿಂತವು.